ಮಾವ್ಶಿಯ ಮನೆಯಲ್ಲಿ ಏಳು ಗಂಟೆ: ಮೊಂತಿ ಹಬ್ಬದ ನಾಲ್ಕು ದಿನ

ಅಪ್ಪನ ಜಪಸರ ನಮ್ಮ ಬೆಂಗಳೂರಿನ ಮನೆಯ ಟಿವಿ ಸ್ಟ್ಯಾಂಡಿನ ಡ್ರಾಯರ್‌ನಲ್ಲಿತ್ತು. ಹಳೆಯ ರಿಮೋಟ್, ಮುಗಿದ ಬ್ಯಾಟರಿ, ಕರೆಂಟ್ ಬಿಲ್ಲುಗಳ ಜೊತೆ. ಅಪ್ಪ ಹೋಗಿ ಐದು ವರ್ಷ ಆಯಿತು. ಅವರಿದ್ದಾಗ ಸಂಜೆ ಏಳಾಯಿತೆಂದರೆ ಮನೆಮಂದಿಯೆಲ್ಲ ಅಲ್ತಾರಿನ, ಅಂದರೆ ಮನೆಯ ಪ್ರಾರ್ಥನಾ ಪೀಠದ ಮುಂದೆ ಕೂತು ತೇರ್ಸ್ ಹೇಳಬೇಕಿತ್ತು. ತೇರ್ಸ್ ಅಂದರೆ ಜಪಸರದ ಪ್ರಾರ್ಥನೆ, ನಮ್ಮ ಕೊಂಕಣಿ ಮನೆಗಳಲ್ಲಿ ಹಾಗೆ ಕರೆಯುವುದು. ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳುತ್ತಾರೆ, ಉಳಿದವರು ಕೊನೆಯರ್ಧ ಹೇಳಿ ಮುಗಿಸುತ್ತಾರೆ. ನಮ್ಮ ಮನೆಯಲ್ಲಿ ಮೊದಲರ್ಧ ಯಾವಾಗಲೂ ಅಪ್ಪನದು.

ಅವರು ಹೋದ ಮೇಲೆ ದಿನಾ ಇದ್ದದ್ದು ವಾರಕ್ಕೆ ಮೂರು ದಿನ ಆಯಿತು. ಆಮೇಲೆ ಭಾನುವಾರ ಮಾತ್ರ. ಕೊನೆಯ ಸಲ ಯಾವಾಗ ಕೂತೆವು ಅಂತ ನೆನಪಿಲ್ಲ. ಬಿಡೋಣ ಅಂತ ಯಾರೂ ಹೇಳಲಿಲ್ಲ, ಸುಮ್ನೆ ನಿಂತುಹೋಯಿತು. ನನಗೆ ಏಳಕ್ಕೆ ಆಫೀಸಿನ ಕಾಲ್, ಗಂಡ ಟ್ರಾಫಿಕ್‌ನಲ್ಲಿ, ಒಂಬತ್ತು ವರ್ಷದ ಮಗಳು ಟ್ಯೂಷನ್‌ನಲ್ಲಿ. ಒಂದಿನ ಮಗಳು ಅದೇ ಡ್ರಾಯರ್‌ನಲ್ಲಿ ಬ್ಯಾಟರಿ ಹುಡುಕುವಾಗ ಜಪಸರ ಎತ್ತಿ ಹಿಡಿದು "ಇದು ಯಾರ ಸರ?" ಅಂತ ಕೇಳಿದಳು. ನನಗೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು.

ಅದೇ ವಾರ ಕಿನ್ನಿಗೋಳಿ ಹತ್ತಿರದ ಹಳ್ಳಿಯಿಂದ ಮಾವ್ಶಿ ಫೋನ್ ಮಾಡಿದರು. ಮಾವ್ಶಿ ಅಂದರೆ ಅಮ್ಮನ ಅಕ್ಕ. "ಈ ಸಲ ಮೊಂತಿ ಹಬ್ಬಕ್ಕೆ ಬಾ. ನಾಲ್ಕು ದಿನ ಇರುವ ಹಾಗೆ ಬಾ." ಸೆಪ್ಟೆಂಬರ್ 8 ಮರಿಯ ಮಾತೆಯ ಹುಟ್ಟುಹಬ್ಬ. ಕರಾವಳಿಯ ಕ್ರೈಸ್ತರಿಗೆ ಅದೇ ತೆನೆ ಹಬ್ಬ, ಹೊಸ ಅಕ್ಕಿಯ ಊಟದ ದಿನ. ಈ ಸಲ ಸೋಮವಾರ ಬಿದ್ದಿತ್ತು. ಮಗಳ ಶಾಲೆಗೆ ರಜೆ ಹೇಳಿದೆವು. ಜಪಸರವನ್ನು ನನ್ನ ಕೈಚೀಲದೊಳಗೆ ಇಟ್ಟುಕೊಂಡೆ.

ಮೊದಲ ದಿನ, ಶುಕ್ರವಾರ

ಬೆಳಗ್ಗೆ ನಾಲ್ಕೂವರೆಗೆ ಮನೆ ಬಿಟ್ಟೆವು. ಐದರೊಳಗೆ ನೆಲಮಂಗಲ ದಾಟಿದರೆ ಹಾಸನದವರೆಗೆ ರಸ್ತೆ ಸಲೀಸು, ತಡವಾದರೆ ಅಲ್ಲೇ ಒಂದು ಗಂಟೆ ಹೋಗುತ್ತದೆ. ಚನ್ನರಾಯಪಟ್ಟಣದ ಹತ್ತಿರ ಇಡ್ಲಿ, ವಡೆ, ಕಾಫಿ ಆಯಿತು. ಸಕಲೇಶಪುರದಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಪೆಟ್ರೋಲ್ ಅಲ್ಲೇ ತುಂಬಿಸಿಕೊಳ್ಳುವುದು ಒಳ್ಳೆಯದು. ಶಿರಾಡಿ ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೂ ಗಂಟೆಗಟ್ಟಲೆ ಕಾಯಬೇಕಾಗುತ್ತದೆ. ನಾವೂ ಕಾದೆವು. ಬದಿಯ ಬಂಡೆಗಳಿಂದ ನೀರು ಬಿಳಿ ನೂಲಿನ ಹಾಗೆ ಇಳಿಯುತ್ತಿತ್ತು. ಮಗಳು ಕಿಟಕಿಯಿಂದ ಕೈ ಹೊರಗಿಟ್ಟು ಮಳೆ ಹಿಡಿಯುತ್ತಿದ್ದಳು.

ಉಪ್ಪಿನಂಗಡಿ ತಲುಪುವಾಗ ಹನ್ನೆರಡೂವರೆ. ಊರ ಹೊರಗೆ ಒಂದು ಹೊಂಡಕ್ಕೆ ಚಕ್ರ ಇಳಿದು ಟಯರ್ ಹೋಯಿತು. ಸ್ಟೆಪ್ನಿ ಹಾಕಿಕೊಂಡು ಮೆಲ್ಲಗೆ ಪಂಕ್ಚರ್ ಅಂಗಡಿಗೆ ಬಂದೆವು. ಬ್ಯಾರಿ ಮುಸ್ಲಿಂ ಸಮುದಾಯದ ಹುಡುಗ, ಇಪ್ಪತ್ತೈದರ ಒಳಗಿನವನು. ಟಯರ್ ತಿರುಗಿಸಿ ನೋಡಿ, "ಒಂದರ್ಧ ಗಂಟೆ ಆಗ್ತದೆ, ಜುಮ್ಮಾ ಉಂಟಲ್ಲ. ಬಂದ ಕೂಡ್ಲೇ ಮಾಡಿ ಕೊಡ್ತೇನೆ" ಅಂದ. ಡ್ರಮ್ಮಿನ ನೀರಲ್ಲಿ ಕೈ ತೊಳೆದು, ಗ್ರೀಸ್ ಹೋಗಲಿಲ್ಲವೆಂದು ಸೋಪಿನ ಪುಡಿ ಹಾಕಿ ಮತ್ತೆ ತೊಳೆದು, ಮೊಳೆಗೆ ಸಿಕ್ಕಿಸಿದ್ದ ಬಿಳಿ ಟೊಪ್ಪಿ ಹಾಕಿಕೊಂಡು ಹೊರಟ. ಅಂಗಡಿಗೆ ಬಾಗಿಲು ಹಾಕಲಿಲ್ಲ. ಸ್ಪ್ಯಾನರ್‌ಗಳು ನೆಲದ ಮೇಲೆ ಹಾಗೇ ಬಿದ್ದಿದ್ದವು.

ನಾವು ಎದುರಿನ ಸಣ್ಣ ಹೋಟೆಲಿನಲ್ಲಿ ಕುಚ್ಚಲಕ್ಕಿ ಊಟ ಮಾಡಿದೆವು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬಂಗುಡೆ ಚೆನ್ನಾಗಿ ಬರುವ ಹೊತ್ತು. ಪ್ಲೇಟಿಗೆ ಎರಡು ಬಂಗುಡೆ, ಮೇಲೆ ಕೆಂಪು ಮಸಾಲೆ. ಹುಡುಗ ಹೇಳಿದ ಹೊತ್ತಿಗೇ ಬಂದ. ವಾರವಾರ ಹೀಗೆ ಅಂಗಡಿ ಬಿಟ್ಟು ಹೋದರೆ ಗಿರಾಕಿ ತಪ್ಪುವುದಿಲ್ಲವಾ ಅಂತ ನನ್ನ ಗಂಡ ಕೇಳಿದರು. ಅವನು ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತಾ, "ಗಿರಾಕಿ ನಾಳೆಯೂ ಬರ್ತಾರೆ. ಇವತ್ತಿನ ಜುಮ್ಮಾ ನಾಳೆ ಬರೂದಿಲ್ಲ" ಅಂದ. ತೀರಾ ಸಾಮಾನ್ಯ ದನಿಯಲ್ಲಿ ಹೇಳಿದ. ಆ ಮಾತು ಬಂಟ್ವಾಳದವರೆಗೂ ನನ್ನ ತಲೆಯಲ್ಲಿತ್ತು.

ಫರಂಗಿಪೇಟೆಯಲ್ಲಿ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋಗಿ ಮೊಂತೆ ಮರಿಯಾನೊ ನೋಡಿಕೊಂಡು ಬಂದೆವು. ಮೊಂತಿ ಅನ್ನುವ ಹೆಸರು ಬಂದದ್ದೇ ಈ ಜಾಗದಿಂದ. ಮೊಂತೆ ಎಂದರೆ ಗುಡ್ಡ. ಗೋವಾದಿಂದ ಬಂದ ಫಾದರ್ ಜೋಕಿಂ ಮಿರಾಂದ 1763ರಲ್ಲಿ ಇಲ್ಲಿ ಈ ಹಬ್ಬ ಶುರು ಮಾಡಿದರು. ಈಗ ಕಪುಚಿನ್ ಸನ್ಯಾಸಿಗಳು ಇಲ್ಲಿದ್ದಾರೆ. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಹತ್ತಿರದಲ್ಲೇ ನೇತ್ರಾವತಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಹಬ್ಬಕ್ಕೆಂದು ಅಂಗಳ ಗುಡಿಸುತ್ತಿದ್ದ ಒಬ್ಬ ವಯಸ್ಸಾದವರನ್ನು ಬಿಟ್ಟರೆ ಯಾರೂ ಇರಲಿಲ್ಲ.

ಹಬ್ಬ ಶುರುವಾಗಿ ಇಪ್ಪತ್ತೊಂದು ವರ್ಷಕ್ಕೆ, 1784ರಲ್ಲಿ, ಟಿಪ್ಪುವಿನ ಕಾಲದಲ್ಲಿ ಈ ಸೀಮೆಯ ಕ್ರೈಸ್ತರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ದಾರಿಯಲ್ಲಿ, ಸೆರೆಯಲ್ಲಿ ತುಂಬಾ ಜನ ಸತ್ತರು. ಉಳಿದವರು ಬಿಡುಗಡೆಯಾಗಿ ಮರಳಿದ್ದು 1799ರಲ್ಲಿ. ಹದಿನೈದು ವರ್ಷ! ಬಂದವರು ಬಿದ್ದ ಇಗರ್ಜಿಗಳನ್ನು, ಅಂದರೆ ಚರ್ಚುಗಳನ್ನು ಎತ್ತಿ ಕಟ್ಟಿದರು, ಹೊಲ ಉತ್ತರು, ತೆನೆಯನ್ನು ಮತ್ತೆ ಇಗರ್ಜಿಗೆ ತಂದರು. ಆ ಜನರ ಮೊಮ್ಮಕ್ಕಳ ಮೊಮ್ಮಕ್ಕಳು ನಾವು. ನಮ್ಮ ಮನೆಯಲ್ಲಿ ಪ್ರಾರ್ಥನೆ ನಿಲ್ಲಲು ಯಾವ ಸೆರೆಯೂ ಬೇಕಾಗಲಿಲ್ಲ. ಆ ಅಂಗಳದಲ್ಲಿ ನಿಂತು ಇದನ್ನು ಯೋಚಿಸುವುದು ಕಷ್ಟವಾಗಿತ್ತು, ಆದರೆ ಯೋಚಿಸದೆ ಇರಲೂ ಆಗಲಿಲ್ಲ.

ಮಾವ್ಶಿಯ ಮನೆ ಮುಟ್ಟುವಾಗ ಆರೂವರೆ ದಾಟಿತ್ತು. ಹಂಚಿನ ಮನೆ, ಮುಂದೆ ಜಗಲಿ, ಬದಿಯಲ್ಲಿ ಗದ್ದೆ. ಅವರಿಗೆ ಎಪ್ಪತ್ತಾರು. ಮಕ್ಕಳಿಬ್ಬರೂ ಗಲ್ಫ್‌ನಲ್ಲಿ. ಗಂಡ ಹೋಗಿ ಮೂರು ವರ್ಷ. ನಾವು ಚಹಾ ಕುಡಿದು ಲೋಟ ಇಡುವಷ್ಟರಲ್ಲಿ ಇಗರ್ಜಿಯ ಗಂಟೆ ಬಾರಿಸಿತು. ಸಂಜೆಯ ಏಳರ ಆಮೋರಿ, ಪ್ರಾರ್ಥನೆಗೆ ಕರೆಯುವ ಗಂಟೆ. ಮಾವ್ಶಿ ಅರ್ಧ ಮಾತಿನಲ್ಲಿ ನಿಂತರು, ಎದ್ದರು, ತಲೆಗೆ ಸೆರಗು ಎಳೆದುಕೊಂಡರು. ಗದ್ದೆಯಾಚೆಯ ಮನೆಯ ಟಿವಿ ಸದ್ದು ಕೂಡ ನಿಂತಿತು. ಒಂದು ಊರು ಒಟ್ಟಿಗೆ ಸುಮ್ಮನಾಗುವುದನ್ನು ನಾನು ಕೇಳಿ ಎಷ್ಟೋ ವರ್ಷವಾಗಿತ್ತು.

ತೇರ್ಸ್‌ಗೆ ಕೂತೆವು. ಶುಕ್ರವಾರವಾದ್ದರಿಂದ ದುಃಖದ ರಹಸ್ಯಗಳು, ಅಂದರೆ ಯೇಸು ಪಟ್ಟ ಪಾಡಿನ ಐದು ಘಟನೆಗಳ ಧ್ಯಾನ. ನಾನು ಅಪ್ಪನ ಜಪಸರ ತೆಗೆದೆ. ಮರದ ಮಣಿಗಳು, ಅವರ ಬೆರಳು ತಾಗಿ ತಾಗಿ ಎಣ್ಣೆ ಹಚ್ಚಿದ ಹಾಗೆ ನುಣುಪು. "ಆಮ್ಚ್ಯಾ ಬಾಪಾ" (ನಮ್ಮ ತಂದೆಯೇ) ಅಂತ ಮಾವ್ಶಿ ಶುರು ಮಾಡಿದಾಗ ನಾಲಿಗೆಗೆ ತಾನಾಗೇ ಉಳಿದರ್ಧ ಬಂತು. ಎಲ್ಲೋ ಮರೆತಿದ್ದೇನೆ ಅಂದುಕೊಂಡಿದ್ದೆ, ಒಂದು ಪದವೂ ಹೋಗಿರಲಿಲ್ಲ. ಮೂರನೆಯ ರಹಸ್ಯ, ಯೇಸುವಿಗೆ ಮುಳ್ಳಿನ ಕಿರೀಟ. ಅಷ್ಟರಲ್ಲಿ ಹಳೆಯ ದಾರ ಪಟ್ಟನೆ ಕಡಿಯಿತು. ಮಣಿಗಳು ರೆಡ್ ಆಕ್ಸೈಡ್ ನೆಲದ ಮೇಲೆ ಟಕಟಕ ಅಂತ ಉರುಳಿ ಮಂಚದಡಿ, ಕಪಾಟಿನಡಿ ಹೋದವು. ನನ್ನ ಕೈ ನಡುಗಿತು. ಮಾವ್ಶಿ ಪ್ರಾರ್ಥನೆ ನಿಲ್ಲಿಸಲಿಲ್ಲ. ತಮ್ಮ ಹತ್ತು ಬೆರಳು ಎತ್ತಿ ತೋರಿಸಿದರು. ಉಳಿದ ಎರಡು ದಶಕವನ್ನು, ಅಂದರೆ ಹತ್ತು ಹತ್ತು ಪ್ರಾರ್ಥನೆಯ ಎರಡು ಸುತ್ತನ್ನು, ನಾನು ಬೆರಳಿನಲ್ಲೇ ಎಣಿಸಿದೆ.

ಮುಗಿದ ಮೇಲೆ ಮಗಳು ಮೊಬೈಲ್ ಟಾರ್ಚ್ ಹಿಡಿದು ಹೊಟ್ಟೆಯ ಮೇಲೆ ತೆವಳಿ ಮಣಿ ಹುಡುಕಿದಳು. ಜಪಸರಕ್ಕೆ ಐವತ್ತೊಂಬತ್ತು ಮಣಿ. ಸ್ಟೀಲ್ ತಟ್ಟೆಯಲ್ಲಿ ಎಣಿಸಿದಾಗ ಐವತ್ತೆಂಟು. ಎಷ್ಟು ಹುಡುಕಿದರೂ ಒಂದು ಸಿಗಲಿಲ್ಲ.

ಮಲಗುವ ಮುಂಚೆ ಮಾವ್ಶಿ ಮಗಳಿಗೆ ಬೆಸಾಂವ್ ಕೇಳುವುದನ್ನು ಕಲಿಸಿದರು. ಪ್ರಾರ್ಥನೆ ಮುಗಿದ ಮೇಲೆ ಕಿರಿಯರು ಕೈಜೋಡಿಸಿ ಹಿರಿಯರ ಹತ್ತಿರ ಆಶೀರ್ವಾದ ಕೇಳುವ ಕ್ರಮ ಅದು. ನಾನೂ ಕೇಳಿದೆ. ನನ್ನ ಹಣೆಯ ಮೇಲೆ ಅವರ ಹೆಬ್ಬೆರಳು ಸಣ್ಣ ಶಿಲುಬೆ ಎಳೆಯಿತು. ನಲವತ್ತೆರಡರ ವಯಸ್ಸಿನಲ್ಲೂ ಅದು ಬೇಕಾಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಎರಡನೆಯ ದಿನ, ಶನಿವಾರ

ಹಬ್ಬಕ್ಕೆ ಮುಂಚೆ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಆಗಸ್ಟ್ 30ಕ್ಕೆ ಶುರು. ಆ ಒಂಬತ್ತು ದಿನವೂ ಮಕ್ಕಳು ಹೂ ತಂದು ಬಾಲೆ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಬೆಳಗಿನ ಆರಕ್ಕೆ ಪಕ್ಕದ ಮನೆಯ ಎರಡು ಮಕ್ಕಳು ಬುಟ್ಟಿ ಹಿಡಿದು ಬಾಗಿಲಿಗೆ ಬಂದು ನನ್ನ ಮಗಳನ್ನು ಎಬ್ಬಿಸಿದವು. ಬೇಲಿಯ ದಾಸವಾಳ, ಕಣಗಿಲೆ, ಅಂಗಳದ ಗೊರಟೆ, ತೋಡಿನ ಬದಿಯ ಹೆಸರು ಗೊತ್ತಿಲ್ಲದ ನೀಲಿ ಹೂ. ಅವಳ ಕಾಲಿಗೆ ಒಂದು ಜಿಗಣೆ ಹತ್ತಿತು. ಜೊತೆಗಿದ್ದ ಹುಡುಗ ಗಂಭೀರವಾಗಿ ಉಪ್ಪು ತಂದು ಬಿಡಿಸಿದ. ಈ ಕಡೆ ಸೆಪ್ಟೆಂಬರ್‌ನಲ್ಲಿ ಬರುವವರು ಕೊಡೆಯ ಜೊತೆ ಚೀಲದಲ್ಲಿ ಒಂದು ಸಣ್ಣ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ.

ಇಗರ್ಜಿಯಲ್ಲಿ ಮಕ್ಕಳೆಲ್ಲ ಸಾಲಾಗಿ ಬಂದು ಹಿಡಿಹಿಡಿ ಹೂ ಎರಚಿದರು. ನನ್ನ ಮಗಳು ಸರದಿ ಬಂದಾಗ ಎರಚಲಿಲ್ಲ. ನಾಲ್ಕು ಹೂಗಳನ್ನು ಒಂದೊಂದಾಗಿ ಇಟ್ಟಳು. ಹೊರಗೆ ಬಂದಾಗ ಕೇಳಿದೆ. "ಒಂದು ಅಜ್ಜನಿಗೆ, ಒಂದು ನಿನಗೆ, ಒಂದು ಪಪ್ಪನಿಗೆ, ಒಂದು ಮಣಿ ಸಿಗಲಿ ಅಂತ" ಅಂದಳು. ಅವಳಿಗೆ ಪ್ರಾರ್ಥನೆ ಕಲಿಸಬೇಕು ಅಂತ ನಾನು ಚಿಂತೆ ಮಾಡುತ್ತಿದ್ದೆ, ಅವಳು ಆಗಲೇ ಮಾಡುತ್ತಿದ್ದಳು.

ಹತ್ತಕ್ಕೆ ಮಂಗಳೂರಿಗೆ ಹೊರಟೆವು. ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್ ನೋಡಿದೆವು. ಇಟಲಿಯ ಜೆಸ್ವಿಟ್ ಸಹೋದರ ಅಂತೋನಿಯೊ ಮೊಸ್ಕೆನಿ ಗೋಡೆ, ಚಾವಣಿ ತುಂಬಾ ಬಿಡಿಸಿದ ಚಿತ್ರಗಳು. ಕತ್ತು ನೋವಾಗುವವರೆಗೆ ನೋಡಿದೆವು. ಚೆಂದ ಅಂದರೆ ಅಷ್ಟು ಚೆಂದ. ಆದರೆ ನನಗೆ ಅಲ್ಲಿ ಪ್ರಾರ್ಥನೆ ಬರಲಿಲ್ಲ. ನೋಡುವ ಕಣ್ಣು ಮುಚ್ಚಲು ಒಪ್ಪುವುದೇ ಇಲ್ಲ ಅಲ್ವಾ, ಅಂಥ ಜಾಗದಲ್ಲಿ.

ಸಂಜೆ ನಾಲ್ಕಕ್ಕೆ ಬಲ್ಮಠದ ಹತ್ತಿರ ನನ್ನ ಕಾಲೇಜಿನ ಗೆಳತಿಯ ಮನೆ. ಅವಳ ಮನೆಯವರು ಸಿಎಸ್‌ಐ ಎಂಬ ಪ್ರಾಟೆಸ್ಟೆಂಟ್ ಸಭೆಯವರು, ಬಾಸೆಲ್ ಮಿಶನ್‌ನ ಹಳೆಯ ಕುಟುಂಬ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದದ್ದರಿಂದ ಅವರ ಕತೆ ಶುರು. ಗೆಳತಿಯ ಮುತ್ತಜ್ಜ ಮಿಶನ್ನಿನ ಹಂಚಿನ ಕಾರ್ಖಾನೆಯಲ್ಲಿದ್ದರಂತೆ. ಪ್ರಾರ್ಥನೆ ಮಾಡಿಯೇ ಕೆಲಸ ಶುರು ಮಾಡುತ್ತಿದ್ದರು ಅಂತ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ಆ ಕಾರ್ಖಾನೆ 1865ರದು. ಅವಳ ಮನೆಯ ಮಾಡಿನಲ್ಲಿ ಇವತ್ತಿಗೂ ಮಂಗಳೂರು ಹಂಚೇ ಇದೆ.

ನಾವು ಹೋದದ್ದು ಅವರ ವಾರದ ಮನೆ ಪ್ರಾರ್ಥನೆಯ ದಿನ. ಹದಿನೈದು ಜನ, ಚಾಪೆ ಮೇಲೆ ಕೆಲವರು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೆಲವರು. ಜರ್ಮನ್ ರಾಗಕ್ಕೆ ಕೂರಿಸಿದ ಕನ್ನಡ ಕೀರ್ತನೆ ಹಾಡಿದರು. ಬೈಬಲಿನ 121ನೆಯ ಕೀರ್ತನೆ ಓದಿದರು. ಆಮೇಲೆ ಒಬ್ಬೊಬ್ಬರೇ ತಮ್ಮ ಮಾತಿನಲ್ಲಿ ಬೇಡಿಕೊಂಡರು. ನಾನು ಬೆಳೆದದ್ದು ಕಲಿತ ಪ್ರಾರ್ಥನೆಗಳಲ್ಲಿ. ಹೀಗೆ ನೇರ ಮಾತಾಡುವುದು ನನಗೆ ಮುಜುಗರ. ಆದರೆ ಅವರು ಬೇಡಿದ್ದೆಲ್ಲ ತೀರಾ ಮನೆಯ ಸಂಗತಿ. ಮೊಣಕಾಲಿನ ಆಪರೇಷನ್, ಮಗನ ವೀಸಾ, ಬಾಡಿಗೆ ಮನೆ, ಎರಡು ವರ್ಷದಿಂದ ಮಾತು ಬಿಟ್ಟ ತಮ್ಮ.

ಗೆಳತಿಯ ಅಮ್ಮನ ಮಡಿಲಲ್ಲಿ ಒಂದು ಉದ್ದ ನೋಟ್‌ಬುಕ್ ಇತ್ತು. ನೀಲಿ ರಟ್ಟು, ಅಂಚಿಗೆ ಬಿಳಿ ಟೇಪು. ಪುಟದ ನಡುವೆ ಸ್ಕೇಲಿನಲ್ಲಿ ಎಳೆದ ಗೆರೆ. ಎಡಕ್ಕೆ ತಾರೀಕು ಮತ್ತು ಬೇಡಿಕೆ, ಬಲಕ್ಕೆ ಅದು ನೆರವೇರಿದ ತಾರೀಕು. ಕೆಲವು ಸಾಲುಗಳ ಬಲಗಡೆ ಖಾಲಿ. ಒಂದು ಸಾಲು ನಾಲ್ಕು ವರ್ಷ ಹಳೆಯದು, ಇನ್ನೂ ಖಾಲಿ. ನಾನು ಅದರ ಮೇಲೆ ಬೆರಳಿಟ್ಟೆ. "ಅದು ಬಾಕಿ ಉಂಟು. ಪ್ರತಿ ವಾರ ಓದ್ತೇವೆ" ಅಂದರು. ಆಮೇಲೆ ಪೆನ್ನು ಕೈಗೆ ಕೊಟ್ಟರು. ನಾನು ಆ ದಿನದ ತಾರೀಕು ಬರೆದು, ಪಕ್ಕದಲ್ಲಿ "ನಮ್ಮ ಮನೆಯ ಪ್ರಾರ್ಥನೆ" ಅಂತ ಬರೆದೆ. ಹದಿನೈದು ಜನ ಅದಕ್ಕಾಗಿ ಕಣ್ಣು ಮುಚ್ಚಿದರು. ಅವರಲ್ಲಿ ಹದಿಮೂರು ಜನರ ಮುಖವನ್ನು ನಾನು ನೋಡಿದ್ದು ಅವತ್ತೇ.

ಪತ್ರೊಡೆ, ಚಹಾ ಆಗಿ ಹೊರಡುವಾಗ ತಡವಾಯಿತು. ಸುರತ್ಕಲ್ ದಾಟುವಾಗ ಮಳೆ ಬಕೆಟಿನಿಂದ ಸುರಿದ ಹಾಗೆ. ಮಾವ್ಶಿಯ ಮನೆಯ ಅಂಗಳಕ್ಕೆ ಬಂದಾಗ ಏಳೂಕಾಲು. ಕರೆಂಟ್ ಇರಲಿಲ್ಲ. ಒಳಗೆ ಮೇಣದ ಬತ್ತಿಯ ಬೆಳಕು. ಜಗಲಿಯಲ್ಲಿ ಚಪ್ಪಲಿ ಬಿಡುತ್ತಾ ಕೇಳಿಸಿಕೊಂಡೆ.

"ನಮಾನ್ ಮರಿಯೆ..." ಮರಿಯ ಮಾತೆಗೆ ನಮನದ ಪ್ರಾರ್ಥನೆ. ಮಾವ್ಶಿ ಗಟ್ಟಿ ದನಿಯಲ್ಲಿ ಮೊದಲರ್ಧ ಹೇಳಿದರು. ನಿಂತರು. ಒಬ್ಬರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಬಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ, ಬೇರೆಯವರು ಹೇಳಿದ ಹಾಗೆ, ತಾವೇ ಉಳಿದರ್ಧ ಹೇಳಿದರು. ಮತ್ತೆ ಗಟ್ಟಿಯಾಗಿ ಮೊದಲರ್ಧ. ಮತ್ತೆ ಬಿಡುವು. ಮತ್ತೆ ಸಣ್ಣ ದನಿ.

ನಾನು ಒದ್ದೆ ಕಾಲಿನಲ್ಲಿ ಅಲ್ಲೇ ನಿಂತುಬಿಟ್ಟೆ. ಹೆಚ್ಚುಕಡಿಮೆ ಮೂರು ವರ್ಷದಿಂದ ಈ ಮನೆಯಲ್ಲಿ ಪ್ರತಿ ಸಂಜೆ ಹೀಗೇ ನಡೆದಿದೆ. ಒಂದು ತೇರ್ಸ್‌ಗೆ ಐವತ್ಮೂರು ಸಲ. ಬಾರದವರಿಗಾಗಿ ಬಿಟ್ಟ ಜಾಗ ಅದು. ಆ ಜಾಗ ನಮ್ಮದೂ ಆಗಿತ್ತು. ಮುಂದಿನ ನಮಾನ್ ಮರಿಯೆಯ ಮೊದಲರ್ಧ ಮುಗಿಯುವುದನ್ನೇ ಕಾದು, ನಾವು ಮೂವರೂ ಬಾಗಿಲಿನಿಂದಲೇ ಉಳಿದರ್ಧ ಹೇಳಿದೆವು. ಮಾವ್ಶಿ ತಿರುಗಿ ನೋಡಲಿಲ್ಲ. ಆದರೆ ಮುಂದಿನದನ್ನು ಹೇಳುವಾಗ ಅವರ ದನಿ ಒಂಚೂರು ಒಡೆಯಿತು.

ಮೂರನೆಯ ದಿನ, ಭಾನುವಾರ

ಬೆಳಗಿನ ಪೂಜೆ ಮುಗಿಸಿ ಬಂದು ಸಾನ್ನಾಂ ಮತ್ತು ಹಂದಿ ಮಾಂಸದ ಪದಾರ್ಥ ತಿಂದೆವು. ಶೇಂದಿ ಹಾಕಿ ಉಬ್ಬಿಸಿದ ಸಾನ್ನಾಂ ಬಿಸಿ ಇರುವಾಗಲೇ ತಿನ್ನಬೇಕು. ನಾನು ಐದು ತಿಂದೆ. ಹತ್ತೂವರೆಗೆ ಮಾವ್ಶಿಯನ್ನೂ ಕೂರಿಸಿಕೊಂಡು ಅತ್ತೂರಿಗೆ ಹೊರಟೆವು. ಬೆಳ್ಮಣ್ ಮೇಲಾಗಿ ನಿಟ್ಟೆ ಕಡೆಯ ರಸ್ತೆ. ಎರಡೂ ಬದಿ ಗದ್ದೆ, ತೆನೆ ಬಾಗಿ ಹಸಿರಿಗೆ ಹಳದಿ ತಿರುಗುವ ಹೊತ್ತು.

ದಾರಿಯಲ್ಲಿ ಮಾವ್ಶಿ ತಾವಾಗೇ ಹೇಳಿದರು. ಗಂಡ ತೀರಿಕೊಂಡ ಮೇಲೆ ಎರಡು ತಿಂಗಳು ಅವರೂ ತೇರ್ಸ್ ಬಿಟ್ಟಿದ್ದರಂತೆ. ಗಂಟೆ ಬಾರಿಸಿದರೆ ಕಿಟಕಿ ಹಾಕಿಕೊಳ್ಳುತ್ತಿದ್ದರಂತೆ. ಮೊದಲರ್ಧ ಗಂಡ ಹೇಳುತ್ತಿದ್ದದ್ದು, ಅದನ್ನು ತನ್ನ ಬಾಯಿಂದ ಹೇಳಲು ಮನಸ್ಸೇ ಬರಲಿಲ್ಲವಂತೆ. ನನ್ನ ಕತೆಯೂ ಅದೇ ಅಲ್ವಾ. ನಾನು ಅದನ್ನು ಹೇಳದೆ ಇಷ್ಟೇ ಕೇಳಿದೆ.

"ಮತ್ತೆ ಹೇಗೆ ಶುರು ಮಾಡಿದಿರಿ?"

"ನಾನೆಲ್ಲಿ ಮಾಡಿದೆ? ಗುರ್ಕಾರ್ ಬಂದರು."

ಇಲ್ಲಿ ಪ್ರತಿ ಇಗರ್ಜಿಯಲ್ಲೂ ಊರನ್ನು ವಾಡೊಗಳಾಗಿ ಹಂಚಿದ್ದಾರೆ. ವಾಡೊಗೆ ಒಬ್ಬ ಗುರ್ಕಾರ್. ಅಕ್ಟೋಬರ್ ಜಪಸರದ ತಿಂಗಳು. ಆ ತಿಂಗಳು ವಾಡೊದವರು ಸರದಿಯ ಮೇಲೆ ಒಂದೊಂದು ಮನೆಗೆ ಹೋಗಿ ಒಟ್ಟಿಗೆ ತೇರ್ಸ್ ಹೇಳುತ್ತಾರೆ. ಗುರ್ಕಾರ್ ಬಂದು "ಮೊದಲ ದಿನ ನಿಮ್ಮ ಮನೆ" ಅಂದರಂತೆ. ಬೇಡ ಅನ್ನಲು ಆಗಲಿಲ್ಲ. ಮೂವತ್ತು ಜನ ಬಂದು ಜಗಲಿ ತುಂಬಿತು. ಮಾವ್ಶಿ ಬಾಯಿ ತೆರೆಯಲೇ ಇಲ್ಲ, ಸುಮ್ಮನೆ ಕೂತಿದ್ದರು. ಜನ ಅವರ ಪಾಲನ್ನೂ ಹೇಳಿದರು. ಮರುದಿನ ಪಕ್ಕದ ಮನೆ, ಅದರ ಮರುದಿನ ಆಚೆ ಮನೆ. ಹತ್ತನೆಯ ದಿನವೋ ಏನೋ ಗೊತ್ತಾಗದ ಹಾಗೆ ತುಟಿ ಅಲುಗಿತಂತೆ.

ಅತ್ತೂರಿನ ಸಂತ ಲಾರೆನ್ಸ್ ಕ್ಷೇತ್ರ 1759ರಿಂದ ಇದೆ. 2016ರಲ್ಲಿ ಬೆಸಿಲಿಕಾ, ಅಂದರೆ ಪೋಪರ ವಿಶೇಷ ಮನ್ನಣೆಯ ಇಗರ್ಜಿ ಆಯಿತು. ಜನವರಿ ಕೊನೆಯ ಜಾತ್ರೆಗೆ ಬಂದರೆ ಕಾಲಿಡಲು ಜಾಗ ಇರುವುದಿಲ್ಲ. ನಿಶ್ಶಬ್ದ ಬೇಕಿದ್ದವರು ಹೀಗೆ ಮಳೆಗಾಲದಲ್ಲಿ ಬರಬೇಕು. ಎಲ್ಲ ಜಾತಿ, ಧರ್ಮದವರೂ ಇಲ್ಲಿಗೆ ಹರಕೆ ಹೊತ್ತು ಬರುತ್ತಾರೆ. ನಮ್ಮ ಮುಂದೆ ಒಂದು ಜೋಡಿ ತುಳುವಿನಲ್ಲಿ ಮಾತಾಡುತ್ತಾ ಮಗುವಿನ ಕೈಯಲ್ಲಿ ಮೇಣದ ಬತ್ತಿ ಹಚ್ಚಿಸುತ್ತಿದ್ದರು. ಗಾಳಿಗೆ ಬತ್ತಿ ಆರುತ್ತಿತ್ತು. ಮಾವ್ಶಿ ಹೋಗಿ ಸೆರಗು ಅಡ್ಡ ಹಿಡಿದರು. ಬತ್ತಿ ನಿಂತ ಮೇಲೂ ನಾಲ್ವರೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು.

ಹೊರಗೆ ಜಪಸರ, ಬತ್ತಿ ಮಾರುವ ಒಬ್ಬ ಹೆಂಗಸಿನ ಅಂಗಡಿಯಲ್ಲಿ ನಮ್ಮ ಮಣಿಗಳ ಪೊಟ್ಟಣ ಬಿಚ್ಚಿದೆ. "ಹೊಸದೇ ತಗೊಳ್ಳಿ, ಇದು ತುಂಬಾ ಹಳತು" ಅಂದರು. ಅಪ್ಪನದು ಅಂದೆ. ಮತ್ತೆ ಅವರು ಮಾತಾಡಲಿಲ್ಲ. ಗಟ್ಟಿ ನೈಲಾನ್ ದಾರ ತೆಗೆದು, ತುದಿಯನ್ನು ಬತ್ತಿಯ ಜ್ವಾಲೆಗೆ ಹಿಡಿದು ಚೂಪು ಮಾಡಿ, ಒಂದೊಂದೇ ಮಣಿ ಪೋಣಿಸಿದರು. ಹತ್ತಕ್ಕೊಂದು ಬಿಡುವು, ದೊಡ್ಡ ಮಣಿ, ಮತ್ತೆ ಬಿಡುವು. ಕೊನೆಯ ದಶಕಕ್ಕೆ ಬಂದಾಗ ಒಂಬತ್ತೇ ಮಣಿ. ಬಿಳಿ ಪ್ಲಾಸ್ಟಿಕ್ ಮಣಿ ಹಾಕಲಾ ಅಂತ ಕೇಳಿದರು. ಮಗಳು ಬೇಡ ಅಂದಳು. "ಅಲ್ಲಿ ಗಂಟು ಹಾಕಿ. ಸಿಕ್ಕಿದ ಮೇಲೆ ಹಾಕ್ತೇವೆ." ಆ ಹೆಂಗಸು ಮಣಿಯ ಜಾಗದಲ್ಲಿ ದಾರವನ್ನೇ ಮೂರು ಸುತ್ತು ಸುತ್ತಿ ಒಂದು ದಪ್ಪ ಗಂಟು ಹಾಕಿದರು. ಕಣ್ಣು ಮುಚ್ಚಿದರೂ ಬೆರಳಿಗೆ ಸಿಗುತ್ತದೆ. ಇಪ್ಪತ್ತು ರೂಪಾಯಿ ತೆಗೆದುಕೊಂಡರು, ಅದೂ ದಾರಕ್ಕೆ ಮಾತ್ರ.

ಆ ಸಂಜೆ ತೇರ್ಸ್‌ಗೆ ಮಾವ್ಶಿ ಮೊದಲ ಎರಡು ದಶಕ ಹೇಳಿ ನನ್ನ ಕಡೆ ತಿರುಗಿದರು. ಮೊದಲರ್ಧ ಹೇಳು ಅಂತ. ಅಪ್ಪನ ಅರ್ಧ. ಗಂಟಲು ಕಟ್ಟಿತು. ನಿಂತೆ. ಯಾರೂ ಆತುರ ಮಾಡಲಿಲ್ಲ. ಆಮೇಲೆ ಹೇಳಿದೆ.

ನಾಲ್ಕನೆಯ ದಿನ, ಹಬ್ಬ

ಬೆಳಗ್ಗೆ ಇಗರ್ಜಿಯ ಅಂಗಳದಲ್ಲಿ ಬುಟ್ಟಿ ತುಂಬಾ ತೆನೆ. ಫಾದರ್ ತೆನೆಗಳನ್ನು ಆಶೀರ್ವದಿಸಿದರು. ಬಾಲೆ ಮರಿಯಳ ಪ್ರತಿಮೆಯ ಮೆರವಣಿಗೆ, ಹೂವಿನ ಮಳೆ, ಬಲಿಪೂಜೆ. ಮುಗಿದ ಮೇಲೆ ಮನೆಗಿಷ್ಟು ಅಂತ ತೆನೆ, ಮಕ್ಕಳಿಗೆಲ್ಲ ಕಬ್ಬು. ಗಾಡಿಯಲ್ಲಿ ಹೋಗುವವರು ಅರ್ಧ ಗಂಟೆ ಮುಂಚೆ ಹೋಗಿ, ಇಲ್ಲದಿದ್ದರೆ ಕೆಸರಲ್ಲಿ ದೂರ ನಿಲ್ಲಿಸಿ ನಡೆಯಬೇಕು. ನಾವು ನಡೆದೆವು.

ಹಬ್ಬದ ಊಟಕ್ಕೆ ಮೀನು, ಮಾಂಸ ಇಲ್ಲ. ಪೂರ್ತಿ ತರಕಾರಿ, ಬಾಳೆ ಎಲೆಯಲ್ಲಿ. ಪದಾರ್ಥಗಳ ಲೆಕ್ಕ ಬೆಸವಾಗಿರಬೇಕು. ಮಾವ್ಶಿ ಏಳು ಮಾಡಿದ್ದರು. ಕೆಸುವಿನ ದಂಟು, ತೊಂಡೆಕಾಯಿ, ಬೆಂಡೆ, ಹೀರೆ, ಅಲಸಂಡೆ, ಹಾಗಲ, ಸೌತೆ. ಕೊನೆಗೆ ವೊರ್ನ್, ಅಂದರೆ ಪಾಯಸ. ಆದರೆ ಎಲ್ಲಕ್ಕೂ ಮುಂಚೆ ನೊವೆಂ. ಮಾವ್ಶಿ ತೆನೆಯ ಕಾಳುಗಳನ್ನು ಉಗುರಿನಲ್ಲಿ ಸುಲಿದು ಅರೆದು, ತೆಂಗಿನ ಹಾಲು ಬೆಲ್ಲಕ್ಕೆ ಬೆರೆಸಿದ್ದರು. ಪ್ರಾರ್ಥನೆಯಾಗಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟರು. ಹಸಿ ಅಕ್ಕಿಯ ವಾಸನೆ, ಹಾಲಿನ ವಾಸನೆ. ಕೊಡುವ ಮುಂಚೆ ಸತ್ತವರ ಹೆಸರು, ದೂರ ಇರುವವರ ಹೆಸರು ಒಂದೊಂದಾಗಿ ಹೇಳಿದರು. ಅಪ್ಪನ ಹೆಸರೂ ಬಂತು. ಗಲ್ಫ್‌ನ ಮಕ್ಕಳಿಗೆ ಅಂತ ಎರಡು ತೆನೆಯನ್ನು ಪೇಪರ್‌ನಲ್ಲಿ ಸುತ್ತಿ ಕವರಿಗೆ ಹಾಕಿದರು. ಇನ್ನೆರಡನ್ನು ನನ್ನ ಕೈಗೆ ಕೊಟ್ಟರು.

ಮರುದಿನ ಬೆಳಗ್ಗೆ ಹೊರಟೆವು. ಘಾಟಿ ಸಲೀಸಾಗಿತ್ತು.

ಬೆಂಗಳೂರು

ಮೊದಲ ವಾರ ಏಳಕ್ಕೆ ಕೂರಲು ನೋಡಿದೆವು. ಎರಡು ದಿನ ಆಯಿತು, ಮೂರು ದಿನ ಆಗಲಿಲ್ಲ. ಆಮೇಲೆ ಮೂವರೂ ಮನೆಯಲ್ಲಿರುವ ಹೊತ್ತು ಯಾವುದು ಅಂತ ನೋಡಿ ಎಂಟೂ ಮುಕ್ಕಾಲು ಅಂತ ಮಾಡಿದೆವು. ಐದೂ ದಶಕ ಆಗದ ದಿನ ಒಂದೇ ದಶಕ. ಒಂದೇ ಇದ್ದರೂ ಕೂರುವುದು ಬಿಡುವುದಿಲ್ಲ. ಟಿವಿ ಸ್ಟ್ಯಾಂಡಿನ ಪಕ್ಕದ ಗೋಡೆಗೆ ಸಣ್ಣ ಹಲಗೆ ಹೊಡೆಸಿ ಶಿಲುಬೆ, ಮೇಣದ ಬತ್ತಿ, ಆ ಎರಡು ತೆನೆ ಇಟ್ಟಿದ್ದೇವೆ. ನಮ್ಮದೇ ಅಪಾರ್ಟ್‌ಮೆಂಟಿನ ಎರಡು ಮನೆಯವರಿಗೆ ಹೇಳಿದ್ದೇನೆ, ಅಕ್ಟೋಬರ್‌ನಲ್ಲಿ ವಾರಕ್ಕೊಂದು ಮನೆಯಲ್ಲಿ ಸೇರೋಣ ಅಂತ. ಒಬ್ಬರು ಹೂಂ ಅಂದಿದ್ದಾರೆ. ಬಲ್ಮಠದ ಗೆಳತಿ ಫೋನ್ ಮಾಡಿ, "ಅಮ್ಮ ಕೇಳ್ತಿದ್ದಾರೆ, ಬಲಗಡೆ ತಾರೀಕು ಬರೆಯಲಾ?" ಅಂದಳು. ಇನ್ನೂ ಬೇಡ, ಪ್ರತಿ ವಾರ ಓದಿ ಅಂದೆ.

ಶನಿವಾರ ಮಾತ್ರ ಏಳಕ್ಕೇ. ಅವತ್ತು ಮಾವ್ಶಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಅಲ್ತಾರಿನ ಮುಂದೆ ಇಡುತ್ತೇವೆ. ಮೊದಲು ಅಲ್ಲಿಯ ಇಗರ್ಜಿಯ ಗಂಟೆ ಕೇಳುತ್ತದೆ. ಮಗಳ ಕೈಯಲ್ಲಿ ಅಜ್ಜನ ಜಪಸರ. ಗಂಟು ಬಂದಾಗ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾಳೆ, ಮಣಿ ಇನ್ನೂ ಸಿಕ್ಕಿಲ್ಲ. ನೆಟ್‌ವರ್ಕ್ ನಿಧಾನ. ಮಾವ್ಶಿ ಮೊದಲರ್ಧ ಹೇಳಿ ನಿಲ್ಲುತ್ತಾರೆ, ನಮ್ಮ ದನಿ ಅಲ್ಲಿಗೆ ತಲುಪಲು ಒಂದೆರಡು ಕ್ಷಣ ಹಿಡಿಯುತ್ತದೆ. ಅಷ್ಟು ಹೊತ್ತು ಅವರು ಕಾಯುತ್ತಾರೆ.